ಗಾಜು ಆಮೇಲೆ, ಮೊದಲು ಅಂಟು ನೋಡಿ

ಬೆಳಿಗ್ಗೆ ಎದ್ದು ನೋಡಿದರೆ ಮೀನಿನ ಟ್ಯಾಂಕಿನ ಕೆಳಗೆ ಹಾಸಿದ್ದ ಪೇಪರಿನ ಒಂದು ಮೂಲೆ ಒದ್ದೆಯಾಗಿತ್ತು. ಒಂದು ರೂಪಾಯಿ ನಾಣ್ಯದಷ್ಟು ಕಲೆ, ಅಷ್ಟೇ. ಬೆಂಗಳೂರಿನಲ್ಲಿ ಮನೆ ಖಾಲಿ ಮಾಡುತ್ತಿದ್ದ ಒಬ್ಬರಿಂದ ಎರಡು ದಿನದ ಹಿಂದೆ ತಂದಿದ್ದ ಟ್ಯಾಂಕ್ ಅದು. ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರ. ಅವರ ಮನೆಯಲ್ಲಿ ನೀರು ತುಂಬಿ ನಿಂತಿದ್ದಾಗ ಫಳಫಳ ಹೊಳೆಯುತ್ತಿತ್ತು. ನಾನು ಗಾಜು ನೋಡಿ ಖುಷಿಪಟ್ಟಿದ್ದೆ. ಅಂಟಿನ ಕಡೆ ಕಣ್ಣು ಹಾಯಿಸಿರಲಿಲ್ಲ.

ನೀರು ಖಾಲಿ ಮಾಡಿ, ಒರೆಸಿ, ಬ್ಲೇಡಿನಿಂದ ಮೂಲೆ ಕೆರೆದಾಗ ವಿಷಯ ಗೊತ್ತಾಯಿತು. ಗಾಜುಗಳನ್ನು ಕೂಡಿಸುವ ಅಂಟು ಸಿಲಿಕೋನ್. ಹಳೆಯ ಸಿಲಿಕೋನ್ ಮೇಲೆಯೇ ಯಾರೋ ಹೊಸದನ್ನು ಎಳೆದಿದ್ದರು. ಶುಚಿಯಾದ ಗಾಜಿಗೆ ಸಿಲಿಕೋನ್ ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ. ಆದರೆ ಒಮ್ಮೆ ಒಣಗಿದ ಸಿಲಿಕೋನ್‌ಗೆ ಹೊಸ ಸಿಲಿಕೋನ್ ಸರಿಯಾಗಿ ಹಿಡಿಯುವುದೇ ಇಲ್ಲ. ಮೇಲಿನ ಪದರ ಟೇಪಿನ ಹಾಗೆ ಸಲೀಸಾಗಿ ಎದ್ದು ಬಂತು. ಇಂಥ ತೇಪೆ ಕಂಡರೆ ಟ್ಯಾಂಕ್ ಒಮ್ಮೆ ಸೋರಿದೆ ಎಂದೇ ಲೆಕ್ಕ.

ಸಿಲಿಕೋನ್ ಎರಡು ಕಡೆ ಇರುತ್ತದೆ. ಒಳಮೂಲೆಯಲ್ಲಿ ಬೆರಳಿನಿಂದ ಎಳೆದ ಪಟ್ಟಿ ನಮಗೆ ಎದ್ದು ಕಾಣುತ್ತದೆ. ಭಾರ ಹೊರುವುದು ಅದಲ್ಲ. ಗಾಜು ಗಾಜಿಗೆ ಕೂಡುವ ಸಂದಿಯಲ್ಲಿ ಒಂದು ತೆಳು ಪದರ ಇರುತ್ತದಲ್ಲ, ಎಲ್ಲವನ್ನೂ ಹಿಡಿದಿಟ್ಟಿರುವುದು ಅದೇ. ಟ್ಯಾಂಕಿನ ಹೊರಗಡೆಯಿಂದ, ಮೂಲೆಗೆ ಮೊಬೈಲ್ ಟಾರ್ಚ್ ಹಿಡಿದು ಆ ಪದರ ನೋಡಿ. ಒಂದೇ ಸಮನೆ ಬಣ್ಣ ಇದ್ದರೆ ಒಳ್ಳೆಯದು. ನಡುವೆ ಬೆಳ್ಳಗೆ ಮಿಂಚುವ ಮಚ್ಚೆ ಕಂಡರೆ ಅಲ್ಲಿ ಅಂಟು ಗಾಜನ್ನು ಬಿಟ್ಟು ಗಾಳಿ ಸೇರಿದೆ. ಒಳಪಟ್ಟಿಯ ಹಿಂದೆ ಹಸಿರು ಪಾಚಿ ನುಗ್ಗಿದ್ದರೆ ನೀರೂ ಅಲ್ಲಿಗೆ ಹೋಗಿದೆ, ಅಲ್ವಾ?

ಈ ತೆಳು ಪದರ ಎಷ್ಟು ಭಾರ ತಡೆಯಬೇಕು ಗೊತ್ತಾ? ನನ್ನ ಟ್ಯಾಂಕಿನದೇ ಲೆಕ್ಕ ಹಾಕೋಣ. 9 ಘನ ಅಡಿ ಅಂದರೆ ಸುಮಾರು 255 ಲೀಟರ್, ಅಂದರೆ 255 ಕೆಜಿ ನೀರು. ನೀರು ಕೆಳಕ್ಕೆ ಮಾತ್ರ ಒತ್ತುವುದಿಲ್ಲ, ಪಕ್ಕಕ್ಕೂ ತಳ್ಳುತ್ತದೆ. ಆಳ ಹೆಚ್ಚಿದಂತೆ ಆ ತಳ್ಳಾಟವೂ ಹೆಚ್ಚು. ಮುಂದಿನ ಗಾಜೊಂದರ ಮೇಲೇ ಸುಮಾರು 125 ಕೆಜಿ ಭಾರದಷ್ಟು ಒತ್ತಡ ಹಗಲೂ ರಾತ್ರಿ ಬೀಳುತ್ತಿರುತ್ತದೆ. ಟ್ಯಾಂಕಿನ ಎತ್ತರ ಎರಡರಷ್ಟಾದರೆ ಇದು ಎರಡರಷ್ಟಲ್ಲ, ನಾಲ್ಕರಷ್ಟಾಗುತ್ತದೆ. ಯಾಕೆಂದರೆ ಗಾಜಿನ ಅಳತೆಯೂ ಇಮ್ಮಡಿ, ಸರಾಸರಿ ಒತ್ತಡವೂ ಇಮ್ಮಡಿ. ಹಾಗಾಗಿ ಎತ್ತರದ ಟ್ಯಾಂಕ್ ಕಂಡಾಗಲೆಲ್ಲ ನಾನು ಮೊದಲು ಸ್ಕೇಲ್ ತೆಗೆದು ಗಾಜಿನ ದಪ್ಪ ಅಳೆಯುತ್ತೇನೆ. ನನ್ನ ಟ್ಯಾಂಕಿನ ಅಳತೆಗೆ 10 ಮಿ.ಮೀ. ಇದ್ದರೆ ನೆಮ್ಮದಿ. 6 ಮಿ.ಮೀ. ಇದ್ದರೆ ಎಷ್ಟೇ ಅಗ್ಗವಾದರೂ ಬಿಟ್ಟು ಬನ್ನಿ. ಮೇಲ್ಗಡೆ ಅಂಟಿಸಿದ ಗಾಜಿನ ಪಟ್ಟಿಗಳನ್ನೂ ನೋಡಿ. ಅವು ಅಂದಕ್ಕೆ ಇರುವಂಥವಲ್ಲ, ಮುಂದಿನ ಗಾಜು ಹೊರಕ್ಕೆ ಬಾಗದಂತೆ ಹಿಡಿದಿರುತ್ತವೆ. ಯಾರಾದರೂ ಕಿತ್ತು ತೆಗೆದಿದ್ದರೆ ಬೇಡ.

ಅಂಚಿನ ಚಕ್ಕೆಗಳನ್ನೂ ಹಗುರವಾಗಿ ಕಾಣಬೇಡಿ. ಗಾಜು ಲೆಕ್ಕದ ಪ್ರಕಾರ ಎಷ್ಟು ಗಟ್ಟಿಯೋ, ಕೈಯಲ್ಲಿ ಅಷ್ಟು ಗಟ್ಟಿ ಯಾಕಿಲ್ಲ? ಈ ಪ್ರಶ್ನೆ ಹಿಡಿದು ಇಂಗ್ಲೆಂಡಿನ ಎಂಜಿನಿಯರ್ ಎ. ಎ. ಗ್ರಿಫಿತ್ 1921ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಕಣ್ಣಿಗೆ ಕಾಣದ ಸಣ್ಣ ಬಿರುಕುಗಳೇ ಕಾರಣ ಎಂದರು. ಎಳೆತ ಬಿದ್ದಾಗ ಬಲವೆಲ್ಲ ಬಿರುಕಿನ ತುದಿಗೆ ಬಂದು ಸೇರುತ್ತದೆ. ಹಳೆಯ ಟ್ಯಾಂಕಿನ ಅಂಚಿನಲ್ಲಿ ಉಗುರಿಗೆ ಸಿಗುವ ಚಕ್ಕೆಯೂ ಅಂಥ ತುದಿಯೇ. ಮೇಲಂಚಿನಲ್ಲಿ ಸಣ್ಣದಿದ್ದರೆ ಇರಲಿ. ತಳದ ಮೂಲೆಯಲ್ಲಿ ಇದ್ದು, ಅಲ್ಲಿಂದ ಕೂದಲಿನಂಥ ಗೆರೆ ಹೊರಟಿದ್ದರೆ ಆ ಟ್ಯಾಂಕ್ ಮುಟ್ಟಬೇಡಿ.

ಗೀರುಗಳ ಕಥೆ ಬೇರೆ. ಟ್ಯಾಂಕ್ ತುಂಬಿದ್ದಾಗ ಒಳಗಿನ ಗೀರುಗಳು ಮರೆಯಾಗುತ್ತವೆ. ಬೆಳಕನ್ನು ಬಾಗಿಸುವುದರಲ್ಲಿ ಗಾಜಿಗೂ ಗಾಳಿಗೂ ಇರುವ ವ್ಯತ್ಯಾಸ ದೊಡ್ಡದು, ಗಾಜಿಗೂ ನೀರಿಗೂ ಇರುವುದು ಚಿಕ್ಕದು. ಗೀರಿನೊಳಗೆ ನೀರು ತುಂಬಿಕೊಂಡರೆ ಬೆಳಕು ಅಲ್ಲಿ ಅಷ್ಟಾಗಿ ಚದುರುವುದಿಲ್ಲ. ನನ್ನ ಟ್ಯಾಂಕ್ ಫಳಫಳ ಅಂದದ್ದೂ ಇದೇ ಕಾರಣಕ್ಕೆ. ಒಣಗಿದ ಮೇಲೆ ಬಿಳಿ ಸುಣ್ಣದ ಗೆರೆಗಳೆಲ್ಲ ಮೇಲೆದ್ದವು. ಬೋರ್‌ವೆಲ್‌ನ ಗಡಸು ನೀರು ಆರಿ ಬಿಟ್ಟುಹೋಗುವ ಸುಣ್ಣ ಅದು. ಅದಕ್ಕೆ ಹೆದರಬೇಕಿಲ್ಲ. ಒಂದು ಹನಿ ವಿನೆಗರ್ ಬಿಟ್ಟರೆ ಸಣ್ಣಗೆ ಗುಳ್ಳೆ ಎದ್ದು ಕರಗುತ್ತದೆ. ಹೊರಮೈ ಗೀರು ಮಾತ್ರ ನೀರು ತುಂಬಿದರೂ ಮಾಯವಾಗುವುದಿಲ್ಲ. ನೀರು ತುಂಬಿದಾಗ ಗಾಜು ಹೊರಕ್ಕೆ ತುಸು ಉಬ್ಬುವುದರಿಂದ ನಡುಭಾಗದ ಹೊರಮೈಗೇ ಎಳೆತ ಜಾಸ್ತಿ. ಅಲ್ಲಿ ಆಳವಾದ ಗೀರಿದ್ದರೆ ಅದು ಬರೀ ಅಂದದ ಮಾತಲ್ಲ. ಅದಕ್ಕೇ ಮಾರುವವರಿಗೆ ಮೊದಲೇ ಹೇಳಿ, ಟ್ಯಾಂಕನ್ನು ತುಂಬಿದಾಗ ಒಂದು ಸಲ, ಖಾಲಿ ಮಾಡಿ ಒರೆಸಿದ ಮೇಲೆ ಒಂದು ಸಲ ನೋಡಿ. ಉಬ್ಬು, ಸೋರಿಕೆ ತುಂಬಿದಾಗ ಕಾಣುತ್ತವೆ. ಗೀರು, ತೇಪೆ ಒಣಗಿದಾಗ ಕಾಣುತ್ತವೆ.

ಒಳಗಿದ್ದ ಮೀನುಗಳಿಗೆ ಏನಾಗಿತ್ತು ಎಂದೂ ಕೇಳಿ. ಬಿಳಿ ಸಿಲಿಕೋನ್ ನೀಲಿ ಬಣ್ಣಕ್ಕೆ ತಿರುಗಿದ್ದರೆ ಅದು ಹೆಚ್ಚಾಗಿ ಮೆಥಿಲೀನ್ ಬ್ಲೂ ಎಂಬ ಔಷಧಿಯ ಕಲೆ, ಅಂದರೆ ಅಲ್ಲಿ ಕಾಯಿಲೆಗೆ ಚಿಕಿತ್ಸೆ ನಡೆದಿದೆ. ಕಲೆಯಿಂದ ತೊಂದರೆಯಿಲ್ಲ. ಆದರೆ ತಾಮ್ರ ಇರುವ ಔಷಧಿ ಹಾಕಿದ್ದರೆ ಹಳೆಯ ಮರಳು, ಕಲ್ಲು ತರಬೇಡಿ. ಮೀನು ತಡೆದುಕೊಳ್ಳುವಷ್ಟು ತಾಮ್ರಕ್ಕೇ ಸಿಗಡಿ, ಬಸವನಹುಳು ಸಾಯುತ್ತವೆ. ಟ್ಯಾಂಕ್ ತೊಳೆಯಲು ಸೋಪು ಬೇಡ, ಕಲ್ಲುಪ್ಪು ಹಾಕಿ ಉಜ್ಜಿದರೆ ಸಾಕು. ಕೈಯಲ್ಲಿ ಗಾಯವಿದ್ದರೆ ಗ್ಲೌಸ್ ಹಾಕಿಕೊಳ್ಳಿ. ಮೀನುಗಳಿಗೆ ಬರುವ ಒಂದು ಬಗೆಯ ಕ್ಷಯದ ಬ್ಯಾಕ್ಟೀರಿಯಾ ಗಾಯದ ಮೂಲಕ ನಮ್ಮ ಚರ್ಮಕ್ಕೂ ಸೇರಬಲ್ಲದು.

ಸ್ಟ್ಯಾಂಡಿನ ವಿಷಯಕ್ಕೆ ಬಂದರೆ, ಪ್ಲೈವುಡ್ಡಿನ ಅಂಚು ನೀರು ಕುಡಿದು ಊದಿದ್ದರೆ ಬಿಟ್ಟುಬಿಡಿ. ಮನೆಗೆ ತಂದ ಮೇಲೆ ಗಾರೆಯವರ ರಸಮಟ್ಟ ಇಟ್ಟು ನೋಡಿ, ಥರ್ಮೊಕೋಲ್ ಹಾಸಿ, ಅದರ ಮೇಲೆ ಟ್ಯಾಂಕ್ ಕೂರಿಸಿ. ಆದರೆ ಮೊದಲ ಪರೀಕ್ಷೆ ಮನೆಯೊಳಗೆ ಬೇಡ. ಪೋರ್ಟಿಕೋದಲ್ಲೋ ಅಂಗಳದಲ್ಲೋ ಮಟ್ಟವಾದ ಜಾಗದಲ್ಲಿ ಕಾಲು ಭಾಗ, ಅರ್ಧ, ಆಮೇಲೆ ಪೂರ್ತಿ ತುಂಬಿಸಿ, ಸುತ್ತ ಒಣ ಪೇಪರ್ ಹಾಸಿ ಎರಡು ದಿನ ಬಿಡಿ. ನನ್ನ ಟ್ಯಾಂಕಿಗೆ ಆ ಕಲೆ ಮೂಡಿದ್ದು ಎರಡನೇ ರಾತ್ರಿ. ಒಂದೇ ಗಂಟೆ ನೋಡಿ ಸುಮ್ಮನಾಗಿದ್ದರೆ ಗೊತ್ತೇ ಆಗುತ್ತಿರಲಿಲ್ಲ. ಹಳೆಯ ಅಂಟನ್ನೆಲ್ಲ ಕೆರೆದು, ಗಾಜು ಬಿಡಿಸಿ, ಹೊಸದಾಗಿ ಕೂಡಿಸಬೇಕಾಯಿತು. ಸಿಲಿಕೋನ್ ಒಣಗುವಾಗ ಬಿಡುವ ವಿನೆಗರ್ ವಾಸನೆ ವಾರವಿಡೀ ಮನೆ ತುಂಬಿತ್ತು.

ಹಳೆಯ ಟ್ಯಾಂಕಿನ ಜೊತೆ ಬರುವ ಅತಿ ಬೆಲೆಬಾಳುವ ವಸ್ತು ಯಾವುದು ಅಂತೀರಿ? ನನ್ನ ಪ್ರಕಾರ ಕೊಳಕಾಗಿ ಕಾಣುವ ಆ ಫಿಲ್ಟರ್ ಸ್ಪಾಂಜ್. ಮೀನು ಹೊರಬಿಡುವ ಅಮೋನಿಯಾ ಮೀನಿಗೇ ವಿಷ. ಸ್ಪಾಂಜಿನಲ್ಲಿ ಮನೆ ಮಾಡಿಕೊಂಡ ಬ್ಯಾಕ್ಟೀರಿಯಾಗಳು ಅದನ್ನು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುತ್ತವೆ. ಹೊಸ ಟ್ಯಾಂಕಿನಲ್ಲಿ ಇವು ನೆಲೆಯೂರಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಹಿಂದಿನ ಮೀನುಗಳು ಆರೋಗ್ಯವಾಗಿದ್ದವು ಎಂದಾದರೆ ಆ ವಾರಗಳನ್ನು ನೀವು ಸ್ಪಾಂಜಿನ ಜೊತೆಗೇ ತರಬಹುದು. ತೊಂದರೆ ಏನೆಂದರೆ, ಮಾರುವವರು ಒಳ್ಳೆಯ ಮನಸ್ಸಿನಿಂದಲೇ ಅದನ್ನು ಕ್ಲೋರಿನ್ ಇರುವ ನಲ್ಲಿ ನೀರಿನಲ್ಲಿ ಚೆನ್ನಾಗಿ ತೊಳೆದು, ಬಿಸಿಲಿಗೆ ಒಣಗಿಸಿ ಕೊಡುತ್ತಾರೆ. ಹಾಗಾಗಿ ಹಿಂದಿನ ದಿನವೇ ಫೋನ್ ಮಾಡಿ ಹೇಳಿಬಿಡಿ: "ಸರ್, ಸ್ಪಾಂಜ್ ತೊಳೀಬೇಡಿ, ನೀರಲ್ಲೇ ಇರಲಿ. ನಾನು ಬಕೆಟ್ ತರ್ತೀನಿ."