ಮಣ್ಣು ಪರೀಕ್ಷೆಯ ಗುಂಡಿಗೆ ನನ್ನನ್ನೂ ಕರೆಯಿರಿ

ಹಳೇ ಹುಬ್ಬಳ್ಳಿಯ ಒಂದು ಓಣಿ. ಮಣ್ಣಿನ ಮಾಳಿಗೆಯ ಮನೆಯನ್ನು ಕೆಡವಿ ಆಗಿದೆ. ಅಲ್ಲಿ ಮೂರು ಅಂತಸ್ತಿನ ಕಟ್ಟಡ ಬರಬೇಕು. ಎಂಜಿನಿಯರು ಮಣ್ಣು ಪರೀಕ್ಷೆಗೆ ಒಂದು ಗುಂಡಿ ತೆಗೆಸಿದ್ದರು. ಐದಡಿ ಉದ್ದ, ಐದಡಿ ಅಗಲ, ಆರಡಿ ಚಿಲ್ಲರೆ ಆಳ. ನಾನು ಪುರಾತತ್ವದವನು, ಏಣಿ ಇಟ್ಟು ಇಳಿದೆ. ಮೇಲಿಂದ ಮಾಲೀಕರು ಬಗ್ಗಿ ಕೇಳಿದರು, "ಏನರ ಐತೇನ್ರಿ ಸರ?" ಅವರ ದನಿಯಲ್ಲಿ ಅರ್ಧ ಆಸೆ, ಅರ್ಧ ಹೆದರಿಕೆ. ಆಸೆ ಬಂಗಾರದ್ದು. ಹೆದರಿಕೆ ಸರ್ಕಾರದ್ದು.

ಎಂಜಿನಿಯರ ಕಣ್ಣು ಗುಂಡಿಯ ತಳದ ಮೇಲಿತ್ತು. ಗಟ್ಟಿ ನೆಲ ಎಲ್ಲಿ ಸಿಗುತ್ತದೆ ಅನ್ನೋದು ಅವರ ಪ್ರಶ್ನೆ. ನಾನು ನೋಡುವುದು ಗುಂಡಿಯ ಗೋಡೆ. ಥಾಪಿಯಿಂದ ಗೋಡೆಯನ್ನು ಮೇಲಿಂದ ಕೆಳಗೆ ಹೆರೆದು ನುಣ್ಣಗೆ ಮಾಡಿದೆ, ಸ್ವಲ್ಪ ನೀರು ಚಿಮುಕಿಸಿದೆ. ಒದ್ದೆಯಾದರೆ ಬಣ್ಣಗಳು ಬೇರೆ ಬೇರೆಯಾಗಿ ಕಾಣುತ್ತವೆ. ಮೇಲಿನ ಒಂದಡಿ ಕೆಡವಿದ ಮನೆಯದೇ ಮಣ್ಣು. ಸುಣ್ಣದ ಹಳಕು, ಹಂಚಿನ ಚೂರು, ಒಂದು ಪ್ಲಾಸ್ಟಿಕ್ ಚೀಲ. ಅದರ ಕೆಳಗೆ ಎರಡಡಿ ಬೂದು ಬಣ್ಣದ ಸಡಿಲ ಮಣ್ಣು. ಅದರಲ್ಲಿ ಇದ್ದಿಲು, ಗಾಜಿನ ಬಳೆ ಚೂರು, ದನದ ಎಲುಬು, ಕರಿ ಮಡಕೆಯ ಒಂದು ಬಾಯಿ ಅಂಚು. ಅಂದರೆ ಹಿಂದಿನವರ ಹಿತ್ತಲು. ಆಮೇಲೆ ಅಚ್ಚ ಎರೆ ಮಣ್ಣು.

ಆದರೆ ಉತ್ತರದ ಗೋಡೆಯಲ್ಲಿ ಎರೆ ಪೂರ್ತಿ ಇರಲಿಲ್ಲ. ಒಂದು ಗೆರೆ ಕೊಡದ ಭುಜದ ಹಾಗೆ ಓರೆಯಾಗಿ ಇಳಿದಿತ್ತು. ಗೆರೆಯ ಈಚೆಗೆ ಕರಿ ಮಣ್ಣು, ಆಚೆಗೆ ಕಂದು ಬಣ್ಣದ ಕಲಬೆರಕೆ. ಬೆರಳು ಒತ್ತಿದರೆ ಎರಡು ಇಂಚು ಒಳಗೆ ಹೋಯಿತು.

ಹಗೇವು!

ನಮ್ಮ ಕಡೆಯ ಹಿರಿಯರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಜೋಳ ತುಂಬಿಡುವ ನೆಲಮಾಳಿಗೆ. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು, ಹೊಟ್ಟೆ ದೊಡ್ಡದು. ಒಳಗೆ ಸುತ್ತಲೂ ಹುಲ್ಲು ಒತ್ತಿ, ಜೋಳ ತುಂಬಿ, ಬಾಯಿಗೆ ಹಾಸುಗಲ್ಲು ಇಟ್ಟು, ಮೇಲೆ ಮಣ್ಣು ಮುಚ್ಚುತ್ತಿದ್ದರು. ಬಳಕೆ ತಪ್ಪಿದ ಮೇಲೆ ಕೆಲವನ್ನು ಕಸ ಹಾಕಿ ತುಂಬಿದರು. ಕೆಲವನ್ನು ಸುಮ್ನೆ ಕಲ್ಲು ಮುಚ್ಚಿ ಬಿಟ್ಟರು. ಮೇಲೆ ನಿಂತವರಿಗೆ ಕಾಲಡಿ ಏನಿದೆ ಅಂತ ಗೊತ್ತೇ ಆಗುವುದಿಲ್ಲ. ಅಂಥದರ ಮೇಲೆ ಕಾಲಂ ಬಂದರೆ ಕಟ್ಟಡದ ಗತಿ ಏನು ಅಂತ ಎಂಜಿನಿಯರಿಗೆ ನಾನು ಹೇಳಬೇಕಾಗಲಿಲ್ಲ. ಇನ್ನೊಂದು ಮಾತು, ಇದು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಜೆಸಿಬಿ ಹಗೇವಿನ ಬಾಯಿ ಒಡೆದರೆ ಯಾರನ್ನೂ ಒಳಗೆ ಇಳಿಸಬೇಡಿ. ಒಳಗಿನ ಕೆಟ್ಟ ಗಾಳಿಗೆ ಜೀವ ಹೋದದ್ದುಂಟು.

ನಾನು ಹುಡುಕುವುದೂ ಎಂಜಿನಿಯರು ಹುಡುಕಬೇಕಾದದ್ದೂ ಒಂದೇ: ಈ ನೆಲವನ್ನು ಮೊದಲು ಯಾರಾದರೂ ಅಗೆದಿದ್ದಾರಾ, ತುಂಬಿದ್ದಾರಾ? ಧಾರವಾಡದ ಕೋಟೆಯನ್ನೇ ನೋಡಿ. ಮೂರನೇ ಮೈಸೂರು ಯುದ್ಧದಲ್ಲಿ, 1790-91ರಲ್ಲಿ, ಪರಶುರಾಮಭಾವೂನ ಮರಾಠಾ ಸೈನ್ಯ ತಿಂಗಳುಗಟ್ಟಲೆ ಮುತ್ತಿಗೆ ಹಾಕಿದ ಕೋಟೆ ಅದು. ಈಗ ಅಲ್ಲಿ ಕಿಲ್ಲಾ ಅನ್ನುವ ಬಡಾವಣೆಯ ಹೆಸರೇ ಜಾಸ್ತಿ ಉಳಿದಿದೆ. ಕೋಟೆ ಅಂದ ಮೇಲೆ ಕಂದಕ ಇದ್ದೇ ಇರುತ್ತದೆ. ತುಂಬಿದ ಕಂದಕ ನನಗೆ ಇತಿಹಾಸ, ಕಟ್ಟುವವರಿಗೆ ಕುಸಿಯುವ ನೆಲ.

"ಸ್ಕ್ಯಾನ್ ಮಾಡಿಸಿಬಿಟ್ರ ಮುಗೀತಲ್ರಿ ಸರ?" ಅಂತ ಬಿಲ್ಡರುಗಳು ಕೇಳುತ್ತಾರೆ. ನೆಲದೊಳಗೆ ರೇಡಾರ್ ಅಲೆ ಬಿಟ್ಟು ನೋಡುವ ಯಂತ್ರದ ವಿಡಿಯೋ ಎಲ್ಲರ ಮೊಬೈಲಿಗೂ ಬಂದಿದೆ. ಒಣ ಮರಳಿನಲ್ಲಿ ಆ ಯಂತ್ರ ಚೆನ್ನಾಗಿ ಕೆಲಸ ಮಾಡುತ್ತದೆ. ನಮ್ಮ ಎರೆಯಲ್ಲಿ ಅದರ ಆಟ ನಡೆಯುವುದಿಲ್ಲ. ಜಿಗುಟು ಮಣ್ಣು, ಅದರಲ್ಲೂ ಹಸಿ ಇದ್ದಾಗ, ಅಲೆಯನ್ನು ನುಂಗಿಬಿಡುತ್ತದೆ. ಧಾರವಾಡದ ಪಶ್ಚಿಮಕ್ಕೆ ಕೆಂಪು ಮಣ್ಣಿನಲ್ಲಿ ಪ್ರಯತ್ನ ಮಾಡಬಹುದು. ಹುಬ್ಬಳ್ಳಿ, ಅಣ್ಣಿಗೇರಿ, ಗದಗಿನ ಕಡೆ ಆ ದುಡ್ಡು ಉಳಿಸಿ.

ಎರೆಯದು ಇನ್ನೊಂದು ಕುಚೇಷ್ಟೆ ಇದೆ. ಬೇಸಿಗೆಯಲ್ಲಿ ಅದು ತೋಳು ಇಳಿಯುವಷ್ಟು ಬಿರುಕು ಬಿಡುತ್ತದೆ, ಮಳೆಗೆ ಉಬ್ಬಿ ಮುಚ್ಚಿಕೊಳ್ಳುತ್ತದೆ. ಮೇಲೆ ಬಿದ್ದ ನಾಣ್ಯ, ಮಣಿ, ಸಣ್ಣ ಮಡಕೆ ಚೂರು ಆ ಬಿರುಕಿನಲ್ಲಿ ಜಾರಿ ಕೆಳಗೆ ಹೋಗುತ್ತದೆ. ಹಾಗಾಗಿ ನಾಲ್ಕು ಅಡಿ ಆಳದಲ್ಲಿ ಒಂದು ವಸ್ತು ಸಿಕ್ಕಿತು ಅಂದ ಮಾತ್ರಕ್ಕೆ ಅದು ಬಹಳ ಹಳೆಯದು ಅಂತಲ್ಲ. ಬಿಡಿ ವಸ್ತುವನ್ನು ನಾನು ನಂಬುವುದಿಲ್ಲ. ಒಲೆಯ ಬೂದಿ, ಗಟ್ಟಿಸಿದ ನೆಲ, ಕಲ್ಲಿನ ಸಾಲು, ಹೀಗೆ ಜಾರಿ ಹೋಗಲಾರದ್ದನ್ನು ನಂಬುತ್ತೇನೆ.

ಅಣ್ಣಿಗೇರಿಯದು ನೆನಪಿದೆ ಅಲ್ವಾ? 2010ರಲ್ಲಿ ಅಲ್ಲಿ ಚರಂಡಿ ಕೆಲಸದ ವೇಳೆ ಸಾಲು ಸಾಲಾಗಿ ತಲೆಬುರುಡೆಗಳು ಕಂಡವು. ಅಗೆದಂತೆ ನೂರಾರು ಸಿಕ್ಕವು. ಅವು ಯಾವ ಕಾಲದವು, ಯಾಕೆ ಹಾಗೆ ಜೋಡಿಸಿದ್ದರು ಅಂತ ಆಮೇಲೆ ಎಷ್ಟೋ ಚರ್ಚೆ ನಡೆಯಿತು. ಇಂಥ ಪ್ರಶ್ನೆಗೆ ಬುರುಡೆ ಒಂದೇ ಉತ್ತರ ಹೇಳಲಾರದು. ಅದರ ಮೇಲೆ ಯಾವ ಮಣ್ಣಿತ್ತು, ಪಕ್ಕದಲ್ಲಿ ಏನಿತ್ತು, ಎಲ್ಲವೂ ಬೇಕು. ಚರಂಡಿ ತೋಡುವ ಯಂತ್ರ ಎಲ್ಲಿಯೇ ಆಗಲಿ ಮೊದಲು ಕಿತ್ತು ಹಾಕುವುದು ಅದನ್ನೇ.

ಬೇರೆ ಕಡೆ ಇದಕ್ಕೆ ಕಟ್ಟಳೆ ಇದೆ. ಲಂಡನ್ನಿನಲ್ಲಿ 1989ರಲ್ಲಿ ಆಫೀಸು ಕಟ್ಟಡಕ್ಕೆ ಅಗೆಯುವಾಗ 1587ರ ರೋಸ್ ನಾಟಕ ಮಂದಿರದ ಬುನಾದಿ ಸಿಕ್ಕಿತು. ಜನ ಬೀದಿಗಿಳಿದರು. ಕೊನೆಗೆ ಕಟ್ಟಡದ ವಿನ್ಯಾಸವನ್ನೇ ಬದಲಿಸಿ ಬುನಾದಿಯನ್ನು ಅಡಿಯಲ್ಲಿ ಉಳಿಸಿಕೊಂಡರು. ಮರುವರ್ಷವೇ ಇಂಗ್ಲೆಂಡಿನಲ್ಲಿ ಸರ್ಕಾರ ಸೂಚನೆ ಹೊರಡಿಸಿತು: ಕಟ್ಟಡಕ್ಕೆ ಪರವಾನಗಿ ಕೊಡುವ ಮೊದಲೇ ನೆಲದಲ್ಲಿ ಏನಿದೆ ನೋಡಿ. ಮೊದಲು ಹಳೇ ನಕ್ಷೆ, ದಾಖಲೆ. ಆಮೇಲೆ, ಅಲ್ಲಿನ ರೂಢಿಯಂತೆ, ಜಾಗದ ನೂರಕ್ಕೆ ಎರಡರಿಂದ ಐದು ಪಾಲಿನಷ್ಟು ಕಡೆ ಉದ್ದನೆಯ ಪರೀಕ್ಷಾ ಗುಂಡಿ. ಖರ್ಚು ಕಟ್ಟುವವರದು.

ನಮ್ಮಲ್ಲಿ ಸಾಮಾನ್ಯ ಸೈಟಿಗೆ ಅಂಥ ಕಡ್ಡಾಯ ಇಲ್ಲ. ಕಾನೂನು ಬಿಗಿಯಾಗುವುದು ರಕ್ಷಿತ ಸ್ಮಾರಕದ ಸುತ್ತ. ಉಣಕಲ್ಲಿನ ಚಂದ್ರಮೌಳೇಶ್ವರ ಗುಡಿಯ ಅಕ್ಕಪಕ್ಕದವರಿಗೆ ಇದು ಬಾಯಿಪಾಠ. ಕೇಂದ್ರದ ರಕ್ಷಣೆಯ ಸ್ಮಾರಕವಾದರೆ 100 ಮೀಟರ್ ಒಳಗೆ ಹೊಸ ಕಟ್ಟಡ ಇಲ್ಲ. ಅದರಾಚೆಯ 200 ಮೀಟರಿನಲ್ಲಿ ಅನುಮತಿ ಪಡೆದು ಕಟ್ಟಬೇಕು. 2010ರ ತಿದ್ದುಪಡಿಯಿಂದ ಇದು ಕಾಯ್ದೆಯಲ್ಲೇ ಇದೆ. ಅಳತೆ ಗರ್ಭಗುಡಿಯಿಂದಲ್ಲ, ರಕ್ಷಿತ ಜಾಗದ ಗಡಿಯಿಂದ. ಇಲ್ಲಿ ಎಡವಿದವರು ಬಹಳ. ಇನ್ನು ನಿಧಿ. ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಲೇಬೇಕು, ಮುಚ್ಚಿಟ್ಟರೆ ಅಪರಾಧ. ಆದರೆ ಮಡಕೆ ಚೂರು ಸಿಕ್ಕಿದ್ದಕ್ಕೆ ಯಾರ ಸೈಟೂ ಸರ್ಕಾರದ ಪಾಲಾದದ್ದನ್ನು ನಾನು ಕಂಡಿಲ್ಲ. ಈ ಹೆದರಿಕೆಯಿಂದಲೇ ರಾತ್ರೋರಾತ್ರಿ ಟಿಪ್ಪರಿನಲ್ಲಿ ಮಣ್ಣು ಸಾಗಿಸಿದ್ದನ್ನು ಮಾತ್ರ ಕಂಡಿದ್ದೇನೆ.

ಹಾಗಂತ ನಾನೇ ಹೋಗಿ ಉತ್ಖನನ ಮಾಡುವ ಹಾಗೂ ಇಲ್ಲ. ಅದಕ್ಕೆ ಪುರಾತತ್ವ ಸರ್ವೇಕ್ಷಣದ ಅನುಮತಿ ಬೇಕು. ಅದಕ್ಕೇ ಎಂಜಿನಿಯರು ಹೇಗೂ ತೆಗೆಸುವ ಗುಂಡಿಯ ಮೇಲೆ ನನ್ನ ಕಣ್ಣು. ಆ ಗುಂಡಿಯನ್ನು ಮುಚ್ಚುವ ಮೊದಲು ಅರ್ಧ ದಿನ ಕೊಡಿ, ಅಷ್ಟು ಸಾಕು. ಗೋಡೆ ಹೆರೆದು, ಅಳತೆಪಟ್ಟಿ ಇಟ್ಟು, ಫೋಟೋ ತೆಗೆದು, ಪದರುಗಳ ನಕ್ಷೆ ಬರೆದುಕೊಳ್ಳುತ್ತೇನೆ. ಪಾಯ ತೋಡುವ ದಿನ ಜೆಸಿಬಿ ಬಕೆಟ್ಟಿನ ಹಲ್ಲಿಗೆ ಅಡ್ಡಲಾಗಿ ಒಂದು ಕಬ್ಬಿಣದ ಪಟ್ಟಿ ಬೆಸುಗೆ ಹಾಕಿಸಿ. ಹಲ್ಲು ನೆಲವನ್ನು ಉತ್ತ ಹಾಗೆ ಮಾಡುತ್ತದೆ, ಏನೂ ಕಾಣುವುದಿಲ್ಲ. ಪಟ್ಟಿ ಇದ್ದರೆ ಬೆಣ್ಣೆ ಸವರಿದ ಹಾಗೆ ನೆಲ ಬಿಚ್ಚಿಕೊಳ್ಳುತ್ತದೆ, ಹಳೇ ಗುಂಡಿಗಳು ದುಂಡಗೆ ಎದ್ದು ಕಾಣುತ್ತವೆ. ಡ್ರೈವರ್ ಮೊದಲು ಗೊಣಗುತ್ತಾನೆ. ಆಮೇಲೆ ತಾನೇ ಕೆಳಗಿಳಿದು, "ಅಲ್ಲಿ ನೋಡ್ರಿ ಸರ, ಬಣ್ಣ ಬ್ಯಾರೆ ಐತಿ" ಅನ್ನುತ್ತಾನೆ.

ಎಷ್ಟೋ ಸೈಟುಗಳಲ್ಲಿ ಏನೂ ಸಿಗುವುದಿಲ್ಲ. ಎರಡಡಿಗೇ ಗರಸು, ಅದರ ಕೆಳಗೆ ಕಲ್ಲು. ಅದನ್ನೂ ಬರೆದಿಡುತ್ತೇನೆ. ಊರು ಎಲ್ಲಿಯವರೆಗೆ ಇರಲಿಲ್ಲ ಅನ್ನೋದು ಗೊತ್ತಾದರೆ ತಾನೇ ಎಲ್ಲಿಯವರೆಗೆ ಇತ್ತು ಅಂತ ತಿಳಿಯುವುದು? ಲಕ್ಕುಂಡಿಯಂಥ ಊರಿನಲ್ಲಿ ಕತೆ ತಿರುಗುಮುರುಗು. ಅತ್ತಿಮಬ್ಬೆ ಬಸದಿ ಕಟ್ಟಿಸಿದ, ಹೊಯ್ಸಳ ಇಮ್ಮಡಿ ಬಲ್ಲಾಳ ಬೀಡುಬಿಟ್ಟ ಊರು. ನೂರೊಂದು ಗುಡಿ, ನೂರೊಂದು ಬಾವಿ ಅಂತ ಜನ ಹೇಳುತ್ತಾರೆ. ಅಲ್ಲಿ ಮನೆಯ ಪಾಯ ತೆಗೆಯುವವರು, ಸಿಗುತ್ತದೆ ಅಂತಲೇ ಲೆಕ್ಕ ಹಾಕಿ ಕೆಲಸ ಶುರು ಮಾಡಬೇಕು.

ಹಳೇ ಹುಬ್ಬಳ್ಳಿಯ ಆ ಸೈಟಿಗೆ ಮರಳುತ್ತೇನೆ. ಸಿಟಿ ಸರ್ವೆ ಆಫೀಸಿನ ನಕ್ಷೆಯನ್ನು ಮೊದಲೇ ನೋಡಿದ್ದೆ. ಅದರಲ್ಲಿ ಮನೆಯ ಗಡಿ ಇತ್ತು, ಹಗೇವಿನ ಸುಳಿವಿರಲಿಲ್ಲ. ನಕ್ಷೆ ಬರೆಯುವವರು ನೆಲದ ಮೇಲಿನದನ್ನು ಅಳೆಯುತ್ತಾರೆ, ಒಳಗಿನದನ್ನಲ್ಲ. ಮಾಲೀಕರನ್ನು ಕೇಳಿದರೆ, ನಮಗೇನೂ ಗೊತ್ತಿಲ್ಲ ಅಂದರು. ಅವರ ತಾಯಿ ಎದುರು ಕಟ್ಟೆಯ ಮೇಲೆ ಕೂತಿದ್ದರು. ಎಂಬತ್ತರ ಆಸುಪಾಸು. ಅವರನ್ನು ಯಾರೂ ಕೇಳಿರಲಿಲ್ಲ.

"ಅಜ್ಜೀ, ಇಲ್ಲೊಂದು ಹಗೇವು ಇತ್ತೇನ್ರಿ?"

"ಒಂದಲ್ಲೋ ಯಪ್ಪಾ, ಎರಡು. ನಮ್ಮ ಅತ್ತಿ ಇದ್ದಾಗ ಇದನ್ನ ಮುಚ್ಚಿಸಿದ್ರು. ಇನ್ನೊಂದರ ಮ್ಯಾಲೆ ಹಂಗ ಹಾಸುಗಲ್ಲು ಹಾಕೇತಿ. ಆಕಳ ಕಟ್ಟತಿದ್ದಿವಲ್ಲ, ಅಲ್ಲೆ."

ಆಕೆ ಕೋಲು ತೋರಿಸಿದ ಕಡೆ ನೋಡಿದೆವು. ಮೂಲೆಯ ಕಾಲಮ್ಮಿಗೆ ಅಂತ ಸುಣ್ಣದ ಪುಡಿಯಲ್ಲಿ ಚೌಕ ಹಾಕಿತ್ತು. ಎಂಜಿನಿಯರು ಏನೂ ಮಾತಾಡಲಿಲ್ಲ. ಹೋಗಿ ಆ ಚೌಕವನ್ನು ಬೂಟಿನಿಂದ ಉಜ್ಜಿ ಅಳಿಸಿ, ಟೇಪು ಹಿಡಿಯಲು ಹುಡುಗನನ್ನು ಕರೆದರು.