ವಂಶಾವಳಿಯಲ್ಲಿ ಅಕ್ಕತಂಗಿಯರ ಹೆಸರು ಬಿಡಬೇಡಿ

ಮನೆಯಲ್ಲಿ ಹಿರಿಯರು ತೀರಿಕೊಂಡು ದಿನಕರ್ಮ ಎಲ್ಲಾ ಮುಗಿದ ಮೇಲೆ ಮಂದಿ ಕಾಗದಪತ್ರದ ಗಂಟು ಹಿಡಿದು ವಕೀಲರ ಹತ್ತಿರ ಬರುತ್ತಾರೆ. ಬಂದವರು ಮೊದಲು ಕೇಳುವುದೇ "ಸರ್ರ, ಕೋರ್ಟಿಗೆ ಹಾಕಬೇಕೇನ್ರಿ?" ಅಂತ. ಬಹಳ ಜನಕ್ಕೆ ನಾನು ಬೇಡ ಅಂತಲೇ ಹೇಳುತ್ತೇನೆ. ಸತ್ತವರು ಬಿಟ್ಟು ಹೋದದ್ದು ಏನು ಅನ್ನುವುದನ್ನು ಮೊದಲು ನೋಡಬೇಕು. ಹೊಲ ಇದ್ದರೆ ತಹಶೀಲ್ದಾರ್ ಕಚೇರಿ, ಊರೊಳಗಿನ ಮನೆಗೆ ಪಂಚಾಯಿತಿ ಇಲ್ಲವೇ ಪುರಸಭೆ, ಠೇವಣಿಗೆ ಬ್ಯಾಂಕು. ಇವರು ಒಪ್ಪದಿದ್ದಾಗ, ಅಥವಾ ಮನೆಯವರೇ ಒಬ್ಬರಿಗೊಬ್ಬರು ಒಪ್ಪದಿದ್ದಾಗ ಕೋರ್ಟಿನ ಮಾತು.

ಇನ್ನು ಪ್ರೊಬೇಟ್, ಅಂದರೆ ಮೃತ್ಯುಪತ್ರ ಸರಿ ಇದೆ ಅಂತ ಕೋರ್ಟಿನಿಂದ ಪಡೆಯುವ ದೃಢೀಕರಣ. ಮುಂಬೈಯಲ್ಲಿ ನೆಂಟರಿರುವ ಮನೆಗಳಲ್ಲಿ ಈ ಶಬ್ದ ಜಾಸ್ತಿ ಓಡಾಡುತ್ತದೆ. ಮೃತ್ಯುಪತ್ರ ಇದೆ, ಹಾಗಾಗಿ ಪ್ರೊಬೇಟ್ ಆಗಲೇಬೇಕು ಅಂತ ಅಲ್ಲಿಯವರು ಹೇಳಿ ಕಳಿಸಿರುತ್ತಾರೆ. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯಲ್ಲಿ ಆ ಕಡ್ಡಾಯ ಇದ್ದದ್ದು ಹಳೆಯ ಬಂಗಾಳ ಪ್ರಾಂತಕ್ಕೆ ಮತ್ತು ಮುಂಬೈ, ಮದ್ರಾಸ್ ನಗರಗಳಿಗೆ. ನಮ್ಮ ಬೆಳಗಾವಿ, ವಿಜಯಪುರ 1956ರ ತನಕ ಮುಂಬೈ ಆಡಳಿತದಲ್ಲೇ ಇದ್ದವು, ಆದರೂ ಆ ನಿಯಮ ಮುಂಬೈ ಹೈಕೋರ್ಟಿನ ನಗರ ವ್ಯಾಪ್ತಿಯಿಂದ ಆಚೆ ಬಂದಿರಲಿಲ್ಲ. ಇಲ್ಲಿನ ಹಿಂದೂ ಕುಟುಂಬದವರು ಇಲ್ಲಿನ ಆಸ್ತಿಗೆ ಬರೆದ ಮೃತ್ಯುಪತ್ರಕ್ಕೆ ಪ್ರೊಬೇಟ್ ಕಡ್ಡಾಯವಲ್ಲ. ಯಾರಾದರೂ ತಕರಾರು ತೆಗೆದರೆ ಮಾತ್ರ ಅದನ್ನು ಸಿವಿಲ್ ಕೋರ್ಟಿನಲ್ಲಿ ರುಜುವಾತು ಮಾಡಬೇಕು. ಮೃತ್ಯುಪತ್ರಕ್ಕೆ ಇಬ್ಬರು ಸಾಕ್ಷಿಗಳ ಸಹಿ ಬೇಕು, ಅವರಲ್ಲಿ ಒಬ್ಬರಾದರೂ ಕಟಕಟೆಗೆ ಬಂದು ಹೇಳಬೇಕು. ನೋಂದಣಿ ಆಗಿದೆ ಅಂದಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಬರೆದವರು ಹಾಸಿಗೆ ಹಿಡಿದಿದ್ದರು, ಲಾಭ ಪಡೆದವರೇ ಮುಂದೆ ನಿಂತು ಬರೆಸಿದರು ಅನ್ನುವ ಸಂಶಯ ಇದ್ದರೆ ಆ ಸಂಶಯ ತೆಗೆಯುವ ಹೊಣೆ ಮೃತ್ಯುಪತ್ರ ತಂದವರದ್ದೇ. ಇದನ್ನು ಸುಪ್ರೀಂ ಕೋರ್ಟ್ 1959ರಲ್ಲೇ, ನಮ್ಮ ಮೈಸೂರು ರಾಜ್ಯದಿಂದ ಹೋದ ಒಂದು ಪ್ರಕರಣದಲ್ಲಿ ಹೇಳಿದೆ.

ಯಾವ ದಾರಿಗೆ ಹೋದರೂ ಕೈಯಲ್ಲಿ ಎರಡು ಕಾಗದ ಬೇಕು. ಒಂದು ಮರಣ ಪ್ರಮಾಣಪತ್ರ. ಸಾವನ್ನು 21 ದಿನದೊಳಗೆ ವರದಿ ಮಾಡಿದರೆ ಸುಲಭ. ವರ್ಷ ದಾಟಿದರೆ ಉಪವಿಭಾಗಾಧಿಕಾರಿಯಂಥ ಅಧಿಕಾರಿಯ ಆದೇಶ ಬೇಕಾಗುತ್ತದೆ. ಹೊಲದ ಮನೆಯಲ್ಲಿ ತೀರಿಕೊಂಡ ಮುದುಕರ ವಿಷಯದಲ್ಲಿ ಇದನ್ನು ಮರೆಯುವುದು ಹೆಚ್ಚು.

ಎರಡನೆಯದು ವಂಶಾವಳಿ. ನಾನು ಇವತ್ತು ಹೇಳಬೇಕಾದ್ದು ಮುಖ್ಯವಾಗಿ ಇದರದ್ದೇ.

ನಾಡ ಕಚೇರಿಗೆ ಅರ್ಜಿ ಕೊಡುತ್ತೀರಿ, ಅಫಿಡವಿಟ್ ಮಾಡಿಸುತ್ತೀರಿ, ತಲಾಟಿ (ಗ್ರಾಮ ಲೆಕ್ಕಿಗರು) ಬಂದು ವಿಚಾರಿಸುತ್ತಾರೆ, ಪಂಚರು ಸಹಿ ಹಾಕುತ್ತಾರೆ. ಬೀಳಗಿ ಕಡೆಯ ಒಂದು ಮನೆತನದ ಇಂಥ ಹಾಳೆ ನನ್ನ ಕಡತದಲ್ಲಿದೆ. ಮೇಲೆ ತೀರಿಕೊಂಡ ತಂದೆಯ ಹೆಸರು, ಪಕ್ಕದಲ್ಲಿ ಹೆಂಡತಿಯ ಹೆಸರು, ಕೆಳಗೆ ಎರಡು ಗೆರೆ, ಇಬ್ಬರು ಗಂಡುಮಕ್ಕಳು. ಅದರ ಕೆಳಗೆ ಊರಿನ ಐದು ಜನ ಪಂಚರ ಸಹಿ. ಆ ಐದೂ ಜನ ಮನೆಯ ಮೂವರು ಹೆಣ್ಣುಮಕ್ಕಳ ಮದುವೆಯಲ್ಲಿ ಅಕ್ಕಿಕಾಳು ಹಾಕಿದವರೇ. ಹಾಳೆಯಲ್ಲಿ ಆ ಮೂವರೂ ಇಲ್ಲ. ತೀರಿಕೊಂಡವರ ತಾಯಿ ಇನ್ನೂ ಬದುಕಿದ್ದರು, ಅವರೂ ಇಲ್ಲ. ಕೇಳಿದರೆ ಅಣ್ಣ ಹೇಳಿದ್ದು, "ಅಕ್ಕಾರು ಕೊಟ್ಟ ಮನಿಯಾಗ ಆರಾಮ ಅದಾರ್ರಿ, ಅವರ ಹೆಸರು ಯಾಕ ಹಾಕೋದ್ರಿ?"

ಕಾನೂನು ಹಾಗೆ ಕೇಳುವುದಿಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಪ್ರಕಾರ ಗಂಡಸು ಮೃತ್ಯುಪತ್ರ ಬರೆಯದೆ ತೀರಿಕೊಂಡರೆ ಅವರ ಸ್ವಂತ ಆಸ್ತಿಯಲ್ಲಿ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಮತ್ತು ತಾಯಿ, ಎಲ್ಲರಿಗೂ ಸಮಪಾಲು. ಅಜ್ಜಿಯನ್ನು ಮರೆಯುವುದಂತೂ ಮಾಮೂಲಿ ಆಗಿಬಿಟ್ಟಿದೆ. ಪಿತ್ರಾರ್ಜಿತ ಆಸ್ತಿಯಲ್ಲಿ 2005ರ ಸೆಪ್ಟೆಂಬರ್ 9ರಿಂದ ಮಗಳಿಗೆ ಮಗನಷ್ಟೇ ಹಕ್ಕು. ತಂದೆ ಅದಕ್ಕೆ ಮೊದಲೇ ತೀರಿಕೊಂಡಿದ್ದರೂ ಮಗಳ ಹಕ್ಕು ಹೋಗುವುದಿಲ್ಲ, ಅದು ಹುಟ್ಟಿನಿಂದಲೇ ಬಂದದ್ದು ಅಂತ ಸುಪ್ರೀಂ ಕೋರ್ಟ್ 2020ರ ಆಗಸ್ಟ್‌ನಲ್ಲಿ ಹೇಳಿತು. 2004ರ ಡಿಸೆಂಬರ್ 20ಕ್ಕೆ ಮೊದಲು ಸರಿಯಾಗಿ ಆಗಿಹೋದ ವಾಟಣಿಗಳನ್ನು (ಆಸ್ತಿ ಪಾಲುಗಳನ್ನು) ಮಾತ್ರ ಕೆದಕುವಂತಿಲ್ಲ. ಮುಸ್ಲಿಂ ಕುಟುಂಬಗಳಿಗೆ ಈ ಕಾಯ್ದೆ ಬರುವುದಿಲ್ಲ. ಅವರ ಪಾಲಿನ ಲೆಕ್ಕ ಶರಿಯತ್ತಿನದ್ದು, ಉಳಿದ ವಾರಸುದಾರರ ಒಪ್ಪಿಗೆ ಇಲ್ಲದೆ ಮೂರನೇ ಒಂದು ಪಾಲಿಗಿಂತ ಹೆಚ್ಚಿಗೆ ವಸೀಯತ್ ಬರೆಯುವಂತಿಲ್ಲ. ಆದರೆ ಮಗಳಿಗೆ ಅಲ್ಲೂ ಪಾಲು ಇದ್ದೇ ಇದೆ.

ಬೀಳಗಿಯ ಆ ಮನೆಯಲ್ಲಿ ಆ ಹಾಳೆ ಹಿಡಿದು ವಾರಸಾ (ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ) ಆಯಿತು, ಉತಾರದಲ್ಲಿ (ಪಹಣಿಯಲ್ಲಿ) ತಾಯಿ ಮತ್ತು ಇಬ್ಬರು ಅಣ್ಣತಮ್ಮಂದಿರ ಹೆಸರು ಬಂತು, ಸೊಸೈಟಿ ಸಾಲದ ಬೋಜಾ (ಋಣಭಾರ) ಬಿತ್ತು, ವರ್ಷಗಟ್ಟಲೆ ಯಾರೂ ಏನೂ ಅನ್ನಲಿಲ್ಲ. ಹೊಲ ಮುಳುಗಡೆಗೆ ಹೋಗುತ್ತದೆ ಅಂತ ನೋಟಿಸ್ ಬಂದಾಗ ಅಕ್ಕಂದಿರು ಉತಾರ ತೆಗೆಸಿ ನೋಡಿದರು. ಆಮೇಲೆ ದಾವಾ, ತಡೆಯಾಜ್ಞೆ, ಪರಿಹಾರದ ದುಡ್ಡು ಯಾರ ಕೈಗೂ ಬರದೆ ಠೇವಣಿ. ಆಲಮಟ್ಟಿ ಅಣೆಕಟ್ಟಿನ ನೀರಿನ ಮಟ್ಟ 519.60 ಮೀಟರಿನಿಂದ 524.256ಕ್ಕೆ ಏರುವ ಮಾತು ನಡೆದಿರುವಾಗ, ಮುಳುಗಡೆಯ ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಒಣಬೇಸಾಯದ್ದಕ್ಕೆ 30 ಲಕ್ಷ ಅಂತ ಸರ್ಕಾರ 2025ರಲ್ಲಿ ತೀರ್ಮಾನ ಮಾಡಿರುವಾಗ, ಅಜ್ಜನ ಹೆಸರಲ್ಲೇ ಉತಾರ ಬಿಟ್ಟುಕೊಂಡ ಮನೆಗಳು, ಅರ್ಧ ವಂಶಾವಳಿ ಮಾಡಿಸಿದ ಮನೆಗಳು ಈಗಲೇ ಕೂತು ಮಾತಾಡಿಕೊಳ್ಳಬೇಕು. ದುಡ್ಡು ಎದುರಿಗೆ ಬಂದ ಮೇಲೆ ಮಾತು ಕೂಡುವುದು ಕಷ್ಟ.

ಅಕ್ಕತಂಗಿಯರು ಮನಸಾರೆ ಪಾಲು ಬೇಡ ಅಂತಾರಾ? ಸಂತೋಷ. ಆದರೂ ಮೊದಲು ಎಲ್ಲರ ಹೆಸರಿನಲ್ಲಿ ವಂಶಾವಳಿ, ಎಲ್ಲರ ಹೆಸರಿಗೆ ವಾರಸಾ. ಆಮೇಲೆ ಅವರು ಸಬ್ ರಿಜಿಸ್ಟ್ರಾರ್ ಕಚೇರಿಗೆ ಬಂದು, ಓದಿ ತಿಳಿದುಕೊಂಡು, ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಲಿ. ಮನೆಯವರ ನಡುವಿನ ಪತ್ರಕ್ಕೆ ಮುದ್ರಾಂಕ ಶುಲ್ಕವೂ ಕಡಿಮೆ. ಖಾಲಿ ಬಾಂಡಿನ ಮೇಲೆ ಹೆಬ್ಬೆಟ್ಟು ಒತ್ತಿಸಿಕೊಂಡದ್ದು, ಪಂಚಮಿಗೆ ತವರಿಗೆ ಬಂದಾಗ ಸುಮ್ನೆ ಒಂದು ಸಹಿ ಅಂತ ಹಾಕಿಸಿಕೊಂಡದ್ದು ಕೋರ್ಟಿನಲ್ಲಿ ನಿಲ್ಲುವುದಿಲ್ಲ. ಹಾಗೆ ಮಾಡಬೇಡಿ.

ಬ್ಯಾಂಕಿನ ವಿಷಯ ಈಗ ಸ್ವಲ್ಪ ಹಗುರಾಗಿದೆ. ನಾಮಿನಿ ಇದ್ದರೆ ಬ್ಯಾಂಕು ಕೋರ್ಟಿನ ಉತ್ತರಾಧಿಕಾರ ಪ್ರಮಾಣಪತ್ರ ಕೇಳುವಂತಿಲ್ಲ. ನಾಮಿನಿ ಇಲ್ಲದಿದ್ದರೂ ಬೇರೆ ತಕರಾರು ಇಲ್ಲ ಅಂದರೆ, 2025ರ ರಿಸರ್ವ್ ಬ್ಯಾಂಕ್ ನಿರ್ದೇಶನದ ಪ್ರಕಾರ ಕನಿಷ್ಠ 15 ಲಕ್ಷದ ತನಕ, ಸಹಕಾರಿ ಬ್ಯಾಂಕಾದರೆ 5 ಲಕ್ಷದ ತನಕ, ಸರಳ ಕಾಗದಪತ್ರದ ಮೇಲೆ ಹಣ ಕೊಡಬೇಕು. ಕಾಗದ ಎಲ್ಲಾ ಸರಿ ಇದ್ದರೆ 15 ದಿನದೊಳಗೆ. ಆದರೆ ನಮ್ಮ ಕಡೆ ಓಣಿಗೊಂದು ಇರುವ ಸೌಹಾರ್ದ, ಪತ್ತಿನ ಸಂಘಗಳು ಬ್ಯಾಂಕುಗಳಲ್ಲ, ಅವಕ್ಕೆ ಈ ನಿರ್ದೇಶನ ಬರುವುದಿಲ್ಲ, ಅವುಗಳ ಉಪವಿಧಿ ನೋಡಬೇಕು. ಇನ್ನೊಂದು ಮಾತು: ನಾಮಿನಿ ಬ್ಯಾಂಕಿನಿಂದ ಹಣ ತೆಗೆದುಕೊಳ್ಳಬಹುದು, ಅಷ್ಟರಿಂದಲೇ ಅದರ ಮಾಲೀಕರಾಗುವುದಿಲ್ಲ. ಅದನ್ನು ವಾರಸುದಾರರೆಲ್ಲ ಹಂಚಿಕೊಳ್ಳಬೇಕು.

ಮೊತ್ತ ದೊಡ್ಡದು, ಅಥವಾ ಜಗಳ ಇದೆ ಅಂದಾಗ ಉತ್ತರಾಧಿಕಾರ ಪ್ರಮಾಣಪತ್ರಕ್ಕೆ ಸಿವಿಲ್ ಕೋರ್ಟಿಗೆ ಅರ್ಜಿ. ತೀರಿಕೊಂಡವರು ಸಾಮಾನ್ಯವಾಗಿ ಎಲ್ಲಿ ವಾಸ ಇದ್ದರೋ ಆ ವ್ಯಾಪ್ತಿಯ ಕೋರ್ಟು. ಇದು ಠೇವಣಿ, ಷೇರು, ಬರಬೇಕಾದ ಬಾಕಿಗೆ ಮಾತ್ರ. ಹೊಲ ಮನೆಗೆ ಇದು ನಡೆಯುವುದಿಲ್ಲ. ಅರ್ಜಿಯಲ್ಲಿ ಎಲ್ಲಾ ವಾರಸುದಾರರನ್ನೂ ಸೇರಿಸಬೇಕು, ಅವರಿಗೆ ನೋಟಿಸ್ ಹೋಗುತ್ತದೆ, ಪೇಪರಿನಲ್ಲಿ ಪ್ರಕಟಣೆ ಬರುತ್ತದೆ. ಯಾರೂ ಅಡ್ಡಿ ಮಾಡದಿದ್ದರೆ ಸಾಕ್ಷಿ ಹೇಳಿಕೆ ತೆಗೆದುಕೊಂಡು ಆದೇಶ ಮಾಡುತ್ತಾರೆ. ಮೊತ್ತದ ಮೇಲೆ ಕೋರ್ಟ್ ಶುಲ್ಕ ಕಟ್ಟಬೇಕು, ಕೆಲವೊಮ್ಮೆ ಜಾಮೀನು ಮುಚ್ಚಳಿಕೆಯನ್ನೂ ಕೇಳುತ್ತಾರೆ.

ಇಲ್ಲಿ ಎರಡು ಕಡೆ ಎಡವುತ್ತಾರೆ. ಒಂದು, ಠೇವಣಿಗಳ ಪಟ್ಟಿ. ಪಟ್ಟಿಯಲ್ಲಿ ಬರೆದದ್ದಕ್ಕೆ ಮಾತ್ರ ಪ್ರಮಾಣಪತ್ರ ಸಿಗುತ್ತದೆ, ಒಂದು ಎಫ್‌ಡಿ ಬಿಟ್ಟುಹೋದರೆ ವಿಸ್ತರಣೆಗೆ ಮತ್ತೆ ಅರ್ಜಿ. ಕಪಾಟು, ಟ್ರಂಕು, ದೇವರ ಮನೆಯ ಗೂಡು ಎಲ್ಲಾ ಹುಡುಕಿ ಬನ್ನಿ. ಎರಡು, ಹೆಸರು. ಉತಾರದಲ್ಲಿ ಮಲ್ಲಪ್ಪ, ಆಧಾರಿನಲ್ಲಿ ಮಲ್ಲಿಕಾರ್ಜುನ, ಪಾಸ್‌ಬುಕ್ಕಿನಲ್ಲಿ ಅಡ್ಡಹೆಸರೇ ಬೇರೆ. ಅರ್ಜಿಯಲ್ಲೇ ‘ಮಲ್ಲಪ್ಪ ಉರ್ಫ್ ಮಲ್ಲಿಕಾರ್ಜುನ’ ಅಂತ ಎಲ್ಲಾ ರೂಪಗಳನ್ನೂ ಬರೆಸಿ. ಆದೇಶ ಆದ ಮೇಲೆ ಬ್ಯಾಂಕು ಹೆಸರು ಕೂಡುವುದಿಲ್ಲ ಅಂದರೆ ಮತ್ತೆ ಕೋರ್ಟಿಗೇ ಬರಬೇಕಾಗುತ್ತದೆ.

ವಿಷಯ ಹೈಕೋರ್ಟಿಗೆ ಹೋದರೆ ಬೆಳಗಾವಿ, ಬಾಗಲಕೋಟೆಯವರು ಧಾರವಾಡ ಪೀಠಕ್ಕೆ, ವಿಜಯಪುರದವರು ಕಲಬುರಗಿ ಪೀಠಕ್ಕೆ.

ಹೆಸರು ಬಿಟ್ಟುಹೋದ ಅಕ್ಕತಂಗಿಯರು ಇದನ್ನು ಓದುತ್ತಿದ್ದರೆ: ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಕಾನೂನು ಸೇವಾ ಪ್ರಾಧಿಕಾರದಿಂದ ವಕೀಲರು ಉಚಿತವಾಗಿ ಸಿಗುತ್ತಾರೆ. ಜಿಲ್ಲಾ ನ್ಯಾಯಾಲಯದಲ್ಲಿ ಅದರ ಕಚೇರಿ ಇದೆ, ತಾಲ್ಲೂಕು ಮಟ್ಟದಲ್ಲಿ ಸಮಿತಿ ಇದೆ, ಸಹಾಯವಾಣಿ 15100. ದಾವಾ ಹಾಕುವ ಮೊದಲೇ ಅಣ್ಣತಮ್ಮಂದಿರನ್ನು ಕರೆಸಿ ಲೋಕ ಅದಾಲತ್‌ನಲ್ಲಿ ರಾಜಿಗೆ ಕೂರಿಸುವುದೂ ಆಗುತ್ತದೆ. ಹೋಗುವಾಗ ಮರಣ ಪ್ರಮಾಣಪತ್ರ ಮತ್ತು ಹೊಲದ ಹಳೆಯ ಉತಾರಗಳ ಜೊತೆಗೆ ನೀವು ಓದಿದ ಶಾಲೆಯ ದಾಖಲೆಯನ್ನೂ ಒಯ್ಯಿರಿ. ನೀವು ಆ ಮನೆಯ ಮಗಳು ಅಂತ ತೋರಿಸಲು ಅದರಲ್ಲಿರುವ ತಂದೆಯ ಹೆಸರು ಬಹಳ ಸಲ ಒಳ್ಳೆಯ ಪುರಾವೆ ಆಗುತ್ತದೆ.