ಬಿಗಿಯಾಗಿ ಹಿಡಿದ ಮಾತ್ರಕ್ಕೆ ರಿಯಾಕ್ಷನ್ ಓಡದು

ಹೊಸ ವೇಗವರ್ಧಕ ವಿನ್ಯಾಸ ಮಾಡಿದವರು ಮೊದಲು ತೋರಿಸುವುದು, ಅಣುವಿನ ಪರಮಾಣುಗಳ ಸುತ್ತಲಿನ ಸ್ಥಿತಿ ತಿಳಿಸುವ ಎನ್‌ಎಂಆರ್ ಹಾಳೆ. ಸಬ್‌ಸ್ಟ್ರೇಟ್ (ಬದಲಾಗಬೇಕಾದ ಅಣು) ಸೇರಿಸುತ್ತ ಹೋದಂತೆ, ವೇಗವರ್ಧಕದಲ್ಲಿ ಹೈಡ್ರೋಜನ್ ಬಂಧದಿಂದ ಹಿಡಿಯುವ ಭಾಗವಾದ ಥಯೋಯೂರಿಯಾದ ಎನ್‌–ಎಚ್ ಸಿಗ್ನಲ್ ಎಡಕ್ಕೆ ಸರಿದಿರುತ್ತದೆ. "ನೋಡಿ ಸರ್, ಎಷ್ಟು ಗಟ್ಟಿಯಾಗಿ ಹಿಡಿದಿದೆ!" ಹಿಡಿದಿದೆ, ಒಪ್ಪಿದೆ. ರಿಯಾಕ್ಷನ್ ಓಡಿತೇ ಎಂದರೆ ಮಾತ್ರ ಮುಖ ಸಪ್ಪಗಾಗುತ್ತದೆ. ಪರಿಹಾರವಾಗಿ ಇನ್ನೊಂದು ಹೈಡ್ರೋಜನ್ ಬಂಧ ಸೇರಿಸಲು ಹೊರಡುತ್ತಾರೆ. ಪಾಪ, ಶ್ರಮಕ್ಕೇನೂ ಕಡಿಮೆಯಿಲ್ಲ.

ಇದನ್ನು ಹೇಳಿ ಹೇಳಿ ನನ್ನ ಬಾಯಿ ಸೋತಿದೆ. ವೇಗವರ್ಧಕದ ತುಂಬ ಸಬ್‌ಸ್ಟ್ರೇಟ್ ಕೂತಿರುವಾಗ ಹಿಡಿತ ಬಿಗಿಮಾಡಿದರೆ ಆರಂಭದ ಸ್ಥಿತಿಯೇ ಇನ್ನಷ್ಟು ಕೆಳಗಿಳಿಯುತ್ತದೆ. ಗುಡ್ಡದ ನೆತ್ತಿ ಅಲ್ಲೇ ಇರುತ್ತದೆ, ನಾವು ನಿಂತ ಹಳ್ಳ ಮಾತ್ರ ಆಳವಾಗುತ್ತದೆ. ಆಸರೆ ಸಿಗಬೇಕಾದ್ದು ಆ ನೆತ್ತಿಯ ಮೇಲಿನ ಸ್ಥಿತಿಗೆ, ಅಂದರೆ ಟ್ರಾನ್ಸಿಷನ್ ಸ್ಟೇಟ್‌ಗೆ, ಅಲ್ಲಿ ಆಗತಾನೆ ಮೂಡುತ್ತಿರುವ ಚಾರ್ಜ್‌ಗೆ. ಉತ್ಪನ್ನವೂ ಅಷ್ಟೇ ಬಿಗಿಯಾಗಿ ಅಂಟಿಕೊಂಡರೆ ವೇಗವರ್ಧಕಕ್ಕೆ ಬಿಡುಗಡೆಯೇ ಇಲ್ಲ.

ಎಡಗೈ-ಬಲಗೈಗಳಂತೆ ಒಂದಕ್ಕೊಂದು ಕನ್ನಡಿ ಬಿಂಬವಾದ ಎರಡು ಉತ್ಪನ್ನಗಳಲ್ಲಿ ಒಂದರ ಆಯ್ಕೆಯಲ್ಲಂತೂ ಲೆಕ್ಕಕ್ಕೆ ಬರುವುದು ಅವುಗಳತ್ತ ಹೋಗುವ ಎರಡು ದಾರಿಗಳ ಟ್ರಾನ್ಸಿಷನ್ ಸ್ಟೇಟ್‌ಗಳ ನಡುವಿನ ಅಂತರ ಮಾತ್ರ. ಕೋಣೆಯ ಉಷ್ಣಾಂಶದಲ್ಲಿ ಮೋಲ್‌ಗೆ ಸುಮಾರು 1.4 ಕಿಲೋಕ್ಯಾಲೊರಿ ಅಂತರಕ್ಕೆ ಹತ್ತು ಪಟ್ಟು ಆಯ್ಕೆ, 2.7ಕ್ಕೆ 99:1. ಎರಡೂ ದಾರಿಗೆ ಸಮನಾಗಿ 5 ಕಿಲೋಕ್ಯಾಲೊರಿ ಕೊಡುವ ಬಂಧದಿಂದ ಆಯ್ಕೆಗೆ ಸೊನ್ನೆ ಲಾಭ.

2010ರಲ್ಲಿ ಹಾರ್ವರ್ಡ್‌ನ ಎರಿಕ್ ಜೇಕಬ್‌ಸನ್ ಗುಂಪು ಪ್ರಕಟಿಸಿದ ಉಂಗುರ ಕಟ್ಟುವ ರಿಯಾಕ್ಷನ್ ನನಗೆ ಬಹಳ ಪ್ರಿಯ. ಅಲ್ಲಿ ಥಯೋಯೂರಿಯಾ ಸಬ್‌ಸ್ಟ್ರೇಟಿನಿಂದ ಕ್ಲೋರೈಡನ್ನು ಸೆಳೆದಿಟ್ಟುಕೊಳ್ಳುತ್ತದೆ. ಹಾಗೆ ಹುಟ್ಟಿದ ಧನ ಅಯಾನಿಗೆ ವೇಗವರ್ಧಕದ್ದೇ ಚಪ್ಪಟೆ ಆರೊಮ್ಯಾಟಿಕ್ ಗುಂಪು ಆಸರೆಯಾಗುತ್ತದೆ. ಫೀನೈಲ್‌ನಿಂದ ನ್ಯಾಫ್ತೈಲ್, ಫೆನಾಂಥ್ರೈಲ್, ಪೈರೀನೈಲ್ ಎಂದು ಗುಂಪು ದೊಡ್ಡದಾದಂತೆ ಆಯ್ಕೆಯೂ ಏರಿತು. ಹೆಚ್ಚುವರಿ ಆಸರೆ ಒಂದೇ ದಾರಿಯ ಪಾಲಾಯಿತು, ಅದೇ ಅದರ ಸೊಗಸು.

ಹಾಗೆಂದು ಎಲ್ಲರೂ ಪೈರೀನ್ ಅಂಟಿಸಲು ಹೊರಡಬೇಡಿ. ಕೆಲಸ ಮಾಡಿದ್ದು ಆರೊಮ್ಯಾಟಿಕ್ ಉಂಗುರದಲ್ಲಿ ಹರಡಿರುವ ಪೈ ಎಲೆಕ್ಟ್ರಾನ್‌ಗಳೋ ಬರೀ ಗಾತ್ರವೋ ಎಂಬುದು ಗೊತ್ತಾಗಲು ಅಷ್ಟೇ ದಪ್ಪದ, ಪೈ ಇಲ್ಲದ ಗುಂಪನ್ನೂ ಹಾಕಿ ನೋಡಬೇಕು. ಹೈಡ್ರೋಜನ್ ಬಂಧದ ಪಾಲು ತಿಳಿಯಲು ಎನ್‌–ಎಚ್ ಜಾಗದಲ್ಲಿ ಎನ್‌–ಮೀಥೈಲ್ ಇಟ್ಟು ಇನ್ನೊಂದು, ಟಾಲ್ವೀನ್ ದ್ರಾವಕದ ಬದಲು, ತಾನೇ ಹೈಡ್ರೋಜನ್ ಬಂಧ ಕಟ್ಟುವ ಮೆಥನಾಲ್‌ನಲ್ಲಿ ಮತ್ತೊಂದು ಪ್ರಯೋಗ. ಮೀಥೈಲ್ ಅಣುವಿನ ಆಕಾರವನ್ನೂ ಕೆಡಿಸುತ್ತದೆ, ಹಾಗಾಗಿ ಅದೊಂದನ್ನೇ ನೆಚ್ಚಬೇಡಿ. ಕಂಪ್ಯೂಟರ್ ಲೆಕ್ಕಹಾಕಿ ಬಿಡಿಸಿದ ಟ್ರಾನ್ಸಿಷನ್ ಸ್ಟೇಟ್ ಚಿತ್ರ ನೋಡಲು ಚೆಂದ. ಆದರೆ ಅದರ ತಪ್ಪಳತೆ ಒಂದೆರಡು ಕಿಲೋಕ್ಯಾಲೊರಿ ಇರುವುದು ಮಾಮೂಲು, ನಾವು ಹುಡುಕುತ್ತಿರುವ ಅಂತರವೂ ಅಷ್ಟೇ.